ಅಣುಸ್ಥಾವರದ ಬಿಡಿಭಾಗ: ಕಾಗದದ ಮೇಲಿನ ಭರವಸೆ

2013ರ ಆಗಸ್ಟ್ ತಿಂಗಳ ಮಧ್ಯಭಾಗದಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಕಚೇರಿಗಳಲ್ಲಿ ಹವಾನಿಯಂತ್ರಕಗಳನ್ನು ಆರಿಸುವಂತೆ ಆದೇಶ ಹೊರಟಿತು. ಹೊರಗೆ ಕಡುಬೇಸಿಗೆ. ದೀಪಗಳನ್ನೂ ಕಡಿಮೆ ಮಾಡಿ ನೌಕರರು ಸೆಕೆಯಲ್ಲಿಯೇ ಕುಳಿತು ಕೆಲಸ ಮಾಡಬೇಕಾಯಿತು. ಜಗತ್ತಿಗೆಲ್ಲ ಹಡಗು, ಕಾರು, ಟಿ.ವಿ.ಗಳನ್ನು ಮಾರುವ ದೇಶ ಅದು. 2009ರ ಕೊನೆಯಲ್ಲಿ ಅರಬ್ ಸಂಯುಕ್ತ ಸಂಸ್ಥಾನಕ್ಕೆ ನಾಲ್ಕು ಅಣು ರಿಯಾಕ್ಟರುಗಳನ್ನು ಕಟ್ಟಿಕೊಡುವ ಗುತ್ತಿಗೆಯನ್ನು ಗೆದ್ದು ಬೀಗಿದ್ದ ದೇಶ. ಅಂಥ ದೇಶ ವಿದ್ಯುತ್ತಿಗಾಗಿ ಹೀಗೆ ಪರದಾಡಲು ಬಿಸಿಲಿನ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅಲ್ಲಿನ ಹಲವು ಅಣು ರಿಯಾಕ್ಟರುಗಳು ನಿಂತಿದ್ದವು. ಅವುಗಳಲ್ಲಿ ಕೆಲವು ನಿಂತಿದ್ದು ಯಾರೋ ತಿದ್ದಿದ ಪರೀಕ್ಷಾ ವರದಿಗಳಿಂದಾಗಿ.

ಪ್ರಕರಣ ಹೊರಬಿದ್ದದ್ದು ಅದಕ್ಕೂ ಮೊದಲು, 2012ರ ನವೆಂಬರಿನಲ್ಲಿ. ಆಗ ಕೊರಿಯಾದಲ್ಲಿ 23 ರಿಯಾಕ್ಟರುಗಳಿದ್ದವು. ದೇಶದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅವುಗಳದ್ದೇ. ಎಂಟು ಸರಬರಾಜುದಾರರು ಹತ್ತು ವರ್ಷಗಳ ಅವಧಿಯಲ್ಲಿ 60 ನಕಲಿ ಗುಣಮಟ್ಟ ಪ್ರಮಾಣಪತ್ರಗಳನ್ನು ಸೃಷ್ಟಿಸಿ, 7,682 ಬಿಡಿಭಾಗಗಳನ್ನು ಈ ಸ್ಥಾವರಗಳಿಗೆ ಮಾರಿದ್ದಾರೆಂದು ಸರ್ಕಾರವೇ ಪ್ರಕಟಿಸಿತು. ಅವುಗಳಲ್ಲಿ 5,000ಕ್ಕೂ ಹೆಚ್ಚು ಭಾಗಗಳು ಅದಾಗಲೇ ಯಂತ್ರಗಳೊಳಗೆ ಸೇರಿಹೋಗಿದ್ದವು. ಫ್ಯೂಸು, ಸ್ವಿಚ್ಚು, ತಂಪುಗೊಳಿಸುವ ಫ್ಯಾನು - ಹೆಚ್ಚಿನವು ಇಂಥ ಸಣ್ಣಪುಟ್ಟ ವಸ್ತುಗಳು. ಅಪಾಯವೇನೂ ಇಲ್ಲವೆಂದು ಸರ್ಕಾರ ಸಮಾಧಾನ ಹೇಳಿತಾದರೂ ಇವು ಹೆಚ್ಚಾಗಿ ಅಳವಡಿಕೆಯಾಗಿದ್ದ ಯೊಂಗ್‌ಗ್ವಾಂಗ್ ಸ್ಥಾವರದ 5 ಮತ್ತು 6ನೇ ಘಟಕಗಳನ್ನು ನಿಲ್ಲಿಸಿ, ಭಾಗಗಳನ್ನು ಒಂದೊಂದಾಗಿ ಬದಲಿಸಬೇಕಾಯಿತು.

ಇದು ಪೀಠಿಕೆ ಮಾತ್ರವಾಗಿತ್ತು. 2013ರ ಮೇ ತಿಂಗಳಲ್ಲಿ ಹೆಸರು ಹೇಳದ ವ್ಯಕ್ತಿಯೊಬ್ಬರು ಅಲ್ಲಿನ ಅಣು ಸುರಕ್ಷತಾ ಆಯೋಗಕ್ಕೆ ಸುಳಿವೊಂದನ್ನು ಕೊಟ್ಟರು. ಶಿನ್ ಕೋರಿ ಮತ್ತು ಶಿನ್ ವೊಲ್ಸಾಂಗ್ ಸ್ಥಾವರಗಳ ನಿಯಂತ್ರಣ ಕೇಬಲ್ಲುಗಳ ಪರೀಕ್ಷಾ ವರದಿಗಳು ತಿದ್ದಿದಂಥವು ಎಂಬುದೇ ಆ ಸುಳಿವು. ಈ ಕೇಬಲ್ಲುಗಳು ಫ್ಯಾನು, ಫ್ಯೂಸುಗಳಂತೆ ಸಣ್ಣ ಮಾತಲ್ಲ. ರಿಯಾಕ್ಟರಿನ ಕೊಳವೆ ಒಡೆದು ಬಿಸಿ ಹಬೆಯೂ ವಿಕಿರಣವೂ ಕಟ್ಟಡದೊಳಗೆ ತುಂಬಿಕೊಂಡ ಗಳಿಗೆಯಲ್ಲಿ ಕವಾಟಗಳಿಗೆ, ಪಂಪುಗಳಿಗೆ ಆಜ್ಞೆಯನ್ನು ಒಯ್ಯಬೇಕಾದವು ಇವೇ. ಎಲ್ಲವೂ ಸುಸೂತ್ರವಾಗಿರುವ ದಿನಗಳಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅವುಗಳ ಯೋಗ್ಯತೆ ತಿಳಿಯುವುದು ಅಪಘಾತದ ದಿನ ಮಾತ್ರ. ಅದಕ್ಕೇ ಅವನ್ನು ಮೊದಲೇ ಪ್ರಯೋಗಾಲಯದಲ್ಲಿ ವಿಕಿರಣಕ್ಕೊಡ್ಡಿ, ಕೃತಕವಾಗಿ ಮುಪ್ಪಾಗಿಸಿ, ಹಬೆಯಲ್ಲಿ ಬೇಯಿಸಿ ನೋಡುತ್ತಾರೆ. ಆ ಪರೀಕ್ಷೆಯಲ್ಲಿ ಸೋತ ಕೇಬಲ್ಲುಗಳು ಕಾಗದದಲ್ಲಿ ಗೆದ್ದಿದ್ದವು.

ಮುಂದಿನ ತಿಂಗಳುಗಳಲ್ಲಿ ತನಿಖೆ ಬಲೆ ಬೀಸಿದಷ್ಟೂ ಮೀನುಗಳು ಸಿಕ್ಕವು. ಅಕ್ಟೋಬರ್ ಹೊತ್ತಿಗೆ 100 ಜನರ ಮೇಲೆ ದೋಷಾರೋಪ ಹೊರಿಸಲಾಗಿತ್ತು. ಕೇಬಲ್ ತಯಾರಿಸಿದವರು, ಪರೀಕ್ಷಿಸಿದೆವೆಂದು ಮುದ್ರೆ ಒತ್ತಿದವರು, ಕೊಂಡವರು ಎಲ್ಲರೂ ಆ ಪಟ್ಟಿಯಲ್ಲಿದ್ದರು. ಸ್ಥಾವರಗಳನ್ನು ನಡೆಸುವ ಸರ್ಕಾರಿ ಕಂಪನಿಯ ಮಾಜಿ ಮುಖ್ಯಸ್ಥರೂ ಲಂಚದ ಆರೋಪದ ಮೇಲೆ ಬಂಧನಕ್ಕೊಳಗಾದರು. ನಿಂತಿದ್ದ ಘಟಕಗಳು ಕೇಬಲ್ ಬದಲಿಸಿಕೊಂಡು ಪುನಃ ಚಾಲೂ ಆದದ್ದು 2014ರ ಜನವರಿಯಲ್ಲಿ.

ಯಾರೂ ಸಾಯಲಿಲ್ಲ, ವಿಕಿರಣ ಸೋರಲಿಲ್ಲ. ಹಾಗಿದ್ದ ಮೇಲೆ ಇಷ್ಟೊಂದು ಗದ್ದಲವೇಕೆ ಎಂದು ಕೇಳಬಹುದು. ಉತ್ತರ ಸಿಗಬೇಕಾದರೆ ಅಣುಸ್ಥಾವರದಲ್ಲಿ ಬಿಡಿಭಾಗವೆಂದರೆ ಏನೆಂಬುದನ್ನು ತಿಳಿಯಬೇಕು.

ನಮ್ಮ ಮನೆಯ ಪಂಪ್‌ಸೆಟ್ಟಿನ ಫ್ಯೂಸು ಹೋದರೆ ಪಕ್ಕದ ಅಂಗಡಿಯಿಂದ ಇನ್ನೊಂದನ್ನು ತಂದು ಹಾಕುತ್ತೇವೆ. ಅದು ಕೆಲಸ ಮಾಡಿದರೆ ಸರಿ, ಇಲ್ಲವಾದರೆ ಮತ್ತೊಂದು. ಅಣುಸ್ಥಾವರದಲ್ಲಿ ಹೀಗೆ ಹಾಕಿ ನೋಡುವ ಅವಕಾಶವಿಲ್ಲ. ಅಲ್ಲಿನ ಸುರಕ್ಷತಾ ವ್ಯವಸ್ಥೆಯ ಬಹುಪಾಲು ಭಾಗಗಳು ವರ್ಷಾನುಗಟ್ಟಲೆ ಸುಮ್ಮನೆ ಕಾಯುತ್ತಿರುತ್ತವೆ. ಕರೆ ಬಂದಾಗ ಓಗೊಡಬೇಕಾದ್ದೇ ಅವುಗಳ ಕೆಲಸ. ಒಂದು ಕವಾಟ ಭೂಕಂಪದ ಅಲುಗಾಟವನ್ನು ತಾಳಿಕೊಳ್ಳುತ್ತದೆಯೇ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಉಕ್ಕು ಯಾವ ಕುಲುಮೆಯಿಂದ ಬಂತು, ಯಾವ ಶಾಖದಲ್ಲಿ ಹದಗೊಂಡಿತು, ಬೆಸುಗೆ ಹಾಕಿದವರು ಯಾರು, ಪರೀಕ್ಷಿಸಿದವರು ಯಾರು ಎಂಬ ಜಾತಕ ಅದರೊಡನೆ ಬರಬೇಕು. ಸ್ಥಾವರದ ಎಂಜಿನಿಯರು ನಂಬುವುದು ಆ ಜಾತಕವನ್ನು. ಜಾತಕವೇ ಸುಳ್ಳಾದರೆ ಅಳವಡಿಸಿದ ಭಾಗ ಚೆನ್ನಾಗಿದೆಯೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಕೊರಿಯಾದಲ್ಲಿ ಕಳೆದುಹೋದದ್ದು ಈ ಗೊತ್ತು.

ಸ್ಥಾವರಗಳಿಗೆ ವಯಸ್ಸಾದಂತೆ ತೊಡಕು ಹೆಚ್ಚುತ್ತದೆ. ಜಗತ್ತಿನ ರಿಯಾಕ್ಟರುಗಳ ಸರಾಸರಿ ವಯಸ್ಸು ಈಗ 30 ವರ್ಷ ದಾಟಿದೆ. 1970ರ ದಶಕದಲ್ಲಿ ರಿಲೇ, ಮೀಟರು, ಸ್ವಿಚ್ಚುಗಳನ್ನು ತಯಾರಿಸಿಕೊಟ್ಟ ಎಷ್ಟೋ ಕಂಪನಿಗಳು ಮುಚ್ಚಿವೆ, ಅಥವಾ ಆ ಕಸುಬನ್ನೇ ಬಿಟ್ಟಿವೆ. ವರ್ಷಕ್ಕೆ ಹತ್ತಿಪ್ಪತ್ತು ಮಾತ್ರ ಬೇಕಾಗುವ ಭಾಗಕ್ಕೆ ಅಷ್ಟೊಂದು ಪರೀಕ್ಷೆ, ಅಷ್ಟೊಂದು ದಾಖಲೆಗಳ ಹೊರೆಯನ್ನು ಯಾವ ಉದ್ಯಮಿ ಹೊರುತ್ತಾನೆ? ಹೀಗಾಗಿ ಅಮೆರಿಕದಲ್ಲಿ, ಸಾಮಾನ್ಯ ಮಾರುಕಟ್ಟೆಯ ವಸ್ತುವನ್ನೇ ಕೊಂಡು, ಅದು ಅಣುಸ್ಥಾವರಕ್ಕೆ ಯೋಗ್ಯವೆಂದು ಪ್ರತ್ಯೇಕವಾಗಿ ಪರೀಕ್ಷಿಸಿ ಬಳಸುವ ಪದ್ಧತಿ ಬೆಳೆದಿದೆ. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಅದರೊಂದಿಗೆ ಕಳ್ಳಮಾಲು ನುಸುಳುವ ಹಾದಿಯೂ ಅಗಲವಾಗುತ್ತದೆ. ಚಾಲನೆಯಲ್ಲಿರುವ ಸ್ಥಾವರಗಳಲ್ಲಿ ನಕಲಿ ಅಥವಾ ಶಂಕಾಸ್ಪದ ಭಾಗಗಳು ಇವೆಯೆಂದು ಅಮೆರಿಕದ ಅಣು ನಿಯಂತ್ರಣ ಆಯೋಗದ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ 2022ರ ಫೆಬ್ರುವರಿಯಲ್ಲಿ ವರದಿ ಮಾಡಿತು.

ವಂಚನೆಯೊಂದೇ ಅಪಾಯವಲ್ಲ. ಪ್ರಾಮಾಣಿಕವಾಗಿ ತಯಾರಾದ, ಹಣ ಸುರಿದು ತರಿಸಿದ ಬದಲಿ ಭಾಗವೂ ಸ್ಥಾವರವನ್ನು ಮುಳುಗಿಸಬಲ್ಲದು. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ನಗರಗಳ ನಡುವೆ, ಪೆಸಿಫಿಕ್ ಕಡಲ ದಂಡೆಯಲ್ಲಿದ್ದ ಸ್ಯಾನ್ ಓನೊಫ್ರೆ ಸ್ಥಾವರದ ಕಥೆ ಇದಕ್ಕೆ ಸಾಕ್ಷಿ. ಅದರ ಎರಡು ಘಟಕಗಳ ಹಳೆಯ ಉಗಿ ಉತ್ಪಾದಕಗಳು ಸವೆದಿದ್ದವು. ಅಣು ಸ್ಥಾವರದಲ್ಲಿ ಉಗಿ ಉತ್ಪಾದಕವೆಂದರೆ ಸಾವಿರಾರು ತೆಳು ಕೊಳವೆಗಳ ದೈತ್ಯ ಕಟ್ಟು. ಕೊಳವೆಯ ಒಳಗೆ ರಿಯಾಕ್ಟರಿನಿಂದ ಬಂದ ವಿಕಿರಣಯುಕ್ತ ನೀರು. ಹೊರಗೆ ಟರ್ಬೈನಿಗೆ ಹೋಗುವ ಶುದ್ಧ ನೀರು. ಎರಡರ ನಡುವೆ ಇರುವುದು ಕೊಳವೆಯ ತೆಳು ಗೋಡೆ ಮಾತ್ರ. ಜಪಾನಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ತಯಾರಿಸಿದ ಹೊಸ ಉತ್ಪಾದಕಗಳನ್ನು 2010 ಮತ್ತು 2011ರಲ್ಲಿ ಅಳವಡಿಸಲಾಯಿತು.

ಇವು ಹಳೆಯವುಗಳಂತೆಯೇ ಇವೆ, ಆದ್ದರಿಂದ ಪರವಾನಗಿಯ ತಿದ್ದುಪಡಿ ಬೇಕಿಲ್ಲ ಎಂಬ ನಿಲುವಿನ ಮೇಲೆ ಕೆಲಸ ನಡೆದಿತ್ತು. ವಾಸ್ತವದಲ್ಲಿ ಲೋಹ ಬದಲಾಗಿತ್ತು. ಕೊಳವೆಗಳ ಸಂಖ್ಯೆ ಪ್ರತಿ ಉತ್ಪಾದಕಕ್ಕೆ 9,350ರಿಂದ 9,727ಕ್ಕೆ ಏರಿತ್ತು. ನಡುವಿನ ಆಧಾರಸ್ತಂಭವನ್ನು ತೆಗೆದುಹಾಕಲಾಗಿತ್ತು. ವಿನ್ಯಾಸದಲ್ಲಿ ದೋಷ ನುಸುಳಬಹುದೆಂಬ ಆತಂಕವನ್ನು ಸ್ಥಾವರದ ಹಿರಿಯ ಅಧಿಕಾರಿಯೊಬ್ಬರು 2004ರಲ್ಲಿಯೇ ತಯಾರಕರಿಗೆ ಪತ್ರ ಬರೆದು ತಿಳಿಸಿದ್ದರು. 2012ರ ಜನವರಿ 31ರಂದು 3ನೇ ಘಟಕದ ಕೊಳವೆಯೊಂದು ಸೋರಿತು. ಘಟಕವನ್ನು ನಿಲ್ಲಿಸಿ ನೋಡಿದರೆ, ಎರಡೂ ಘಟಕಗಳಲ್ಲಿ ಒಟ್ಟು 3,000ಕ್ಕೂ ಹೆಚ್ಚು ಕೊಳವೆಗಳು ಸವೆದಿದ್ದವು. ರಭಸವಾಗಿ ಹರಿಯುವ ಉಗಿಯಲ್ಲಿ ಕೊಳವೆಗಳು ನಡುಗಿ, ಒಂದಕ್ಕೊಂದು ಉಜ್ಜಿಕೊಂಡಿದ್ದವು. ದಶಕಗಳ ಕಾಲ ಬಾಳಬೇಕಿದ್ದ ಭಾಗ ಎರಡು ವರ್ಷ ತುಂಬುವ ಮೊದಲೇ ಕೈಕೊಟ್ಟಿತು. 2013ರ ಜೂನ್‌ನಲ್ಲಿ ಇಡೀ ಸ್ಥಾವರವನ್ನೇ ಶಾಶ್ವತವಾಗಿ ಮುಚ್ಚುವ ನಿರ್ಧಾರವಾಯಿತು. ‘ಮೊದಲಿನಂತೆಯೇ ಇದೆ’ ಎಂಬ ಒಂದು ಮಾತನ್ನು ಆಳಕ್ಕಿಳಿದು ಪ್ರಶ್ನಿಸದೇ ಇದ್ದುದಕ್ಕೆ ತೆತ್ತ ಬೆಲೆ ಅದು.

ಇದೆಲ್ಲ ಹೊರದೇಶಗಳ ಮಾತಾಯಿತು. ನಮ್ಮ ದೇಶದ ಅಣು ವಿದ್ಯುತ್ತಿನ ಚರಿತ್ರೆಯಲ್ಲಿ ಅತ್ಯಂತ ಭೀಕರವಾದ ರಾತ್ರಿಯ ಹಿಂದೆಯೂ ಒಂದು ಬಿಡಿಭಾಗವಿದೆ. ಅದು ನಕಲಿಯಲ್ಲ, ಬದಲಿಸಿದ್ದೂ ಅಲ್ಲ. ಬದಲಿಸಬೇಕಾಗಿದ್ದು ಬದಲಿಸದೆ ಉಳಿದದ್ದು.

ಉತ್ತರ ಪ್ರದೇಶದ ನರೋರಾದಲ್ಲಿ, ಗಂಗೆಯ ದಡದ ಸ್ಥಾವರದ ಮೊದಲನೇ ಘಟಕದಲ್ಲಿ, 1993ರ ಮಾರ್ಚ್ 31ರ ಬೆಳಗಿನ ಜಾವ ಟರ್ಬೈನಿನ ಎರಡು ಅಲಗುಗಳು ಮುರಿದವು. ಅತಿವೇಗದಲ್ಲಿ ಸುತ್ತುತ್ತಿದ್ದ ಯಂತ್ರ ಸಮತೋಲ ತಪ್ಪಿ ಅದುರಿತು. ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಅನಿಲ ಸೋರಿ ಬೆಂಕಿ ಹೊತ್ತಿತು. ಎಣ್ಣೆ ಅದಕ್ಕೆ ಸೇರಿತು. ಬೆಂಕಿ ಕೇಬಲ್ಲುಗಳ ಹಾದಿ ಹಿಡಿದು ಹರಡಿದಾಗ ಸ್ಥಾವರಕ್ಕೆ ವಿದ್ಯುತ್ತೇ ಇಲ್ಲವಾಯಿತು. ಮುಖ್ಯ ವ್ಯವಸ್ಥೆಯ ಮತ್ತು ತುರ್ತು ವ್ಯವಸ್ಥೆಯ ಕೇಬಲ್ಲುಗಳ ನಡುವೆ ಬೆಂಕಿಯನ್ನು ತಡೆಯುವಂಥ ಅಂತರವಿರಲಿಲ್ಲ. 17 ಗಂಟೆಗಳ ಕಾಲ ಕತ್ತಲು. ಸಿಬ್ಬಂದಿ ಬ್ಯಾಟರಿ ದೀಪ ಹಿಡಿದು ಮೇಲೇರಿ, ರಿಯಾಕ್ಟರು ಮತ್ತೆ ಜೀವ ತಳೆಯದಂತೆ ಬೋರಾನ್ ದ್ರಾವಣವನ್ನು ಕೈಯಾರೆ ಬಿಟ್ಟರು. ಬೆಂಕಿ ನಂದಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಉಗಿ ಉತ್ಪಾದಕಗಳಿಗೆ ನೀರು ಹಾಯಿಸಿ ರಿಯಾಕ್ಟರನ್ನು ತಂಪಾಗಿಟ್ಟರು. ವಿಕಿರಣ ಹೊರಬೀಳಲಿಲ್ಲ. ಆ ರಾತ್ರಿ ಕರ್ತವ್ಯದಲ್ಲಿದ್ದವರ ಧೈರ್ಯವನ್ನು ದೇಶ ಇಂದಿಗೂ ಸರಿಯಾಗಿ ಸ್ಮರಿಸಿಲ್ಲ.

ಆ ಅಲಗುಗಳ ವಿನ್ಯಾಸದಲ್ಲಿ ದೋಷವಿದೆಯೆಂಬುದು ಅವು ಮುರಿಯುವ ಮೊದಲೇ ತಿಳಿದಿತ್ತು. ಮೂಲ ವಿನ್ಯಾಸದ ಬ್ರಿಟಿಷ್ ಕಂಪನಿ 1989ರಲ್ಲಿಯೇ ಎಚ್ಚರಿಸಿ, ತಿದ್ದಿದ ವಿನ್ಯಾಸವನ್ನು ಸೂಚಿಸಿತ್ತು. ಟರ್ಬೈನ್ ತಯಾರಿಸಿದ ಬಿಎಚ್‌ಇಎಲ್ ಕೂಡ ಬದಲಾವಣೆಗೆ ಶಿಫಾರಸು ಮಾಡಿತ್ತು. ಆದರೆ ಸ್ಥಾವರಗಳನ್ನು ನಡೆಸುವ ನಿಗಮ ಅಪಘಾತವಾಗುವ ತನಕ ಕ್ರಮ ಕೈಗೊಳ್ಳಲಿಲ್ಲ - ಹೀಗೆಂದು ಬರೆದವರು ಆ ವರ್ಷವೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದ ಎ. ಗೋಪಾಲಕೃಷ್ಣನ್. ಎಚ್ಚರಿಕೆಯ ಕಾಗದ ಇತ್ತು, ನಕ್ಷೆ ಇತ್ತು. ಬದಲಿಸಲೇಬೇಕೆಂದು ಕಟ್ಟಪ್ಪಣೆ ಮಾಡುವ ಕೈ ಇರಲಿಲ್ಲ.

ನಮ್ಮ ಎಂಜಿನಿಯರುಗಳ ಸಾಮರ್ಥ್ಯವನ್ನು ಇಲ್ಲಿ ಕಡೆಗಣಿಸುವಂತಿಲ್ಲ. 1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ನಡುದಾರಿಯಲ್ಲಿ ಕೈಬಿಟ್ಟಾಗ, ರಾಜಸ್ಥಾನದ ಎರಡನೇ ಘಟಕವನ್ನು ನಾವೇ ಮುಗಿಸಿದೆವು. ಬಿಡಿಭಾಗಗಳು ಹೊರಗಿನಿಂದ ಬರುವುದು ನಿಂತದ್ದರಿಂದಲೇ ಅವನ್ನು ಇಲ್ಲಿ ತಯಾರಿಸುವ ಒಂದು ಇಡೀ ಉದ್ಯಮ ಬೆಳೆಯಿತು. 220 ಮೆಗಾವಾಟ್ ಭಾರಜಲ ರಿಯಾಕ್ಟರಿನಲ್ಲಿ ಇಂಧನವನ್ನು ಹೊತ್ತ 306 ಒತ್ತಡ ಕೊಳವೆಗಳಿರುತ್ತವೆ. ನ್ಯೂಟ್ರಾನುಗಳ ಹೊಡೆತಕ್ಕೆ ಅವು ಹಿಗ್ಗಿ, ಬಾಗಿ, ಪೆಡಸಾಗುತ್ತವೆ. ಮನುಷ್ಯ ಹತ್ತಿರ ಸುಳಿಯಲಾಗದ ಆ ಜಾಗದಿಂದ ಅಷ್ಟನ್ನೂ ದೂರನಿಯಂತ್ರಿತ ಸಲಕರಣೆಗಳಿಂದ ಕಿತ್ತು, ಹೊಸತನ್ನು ಕೂರಿಸುವ ವಿದ್ಯೆಯನ್ನು ನಮ್ಮವರು ಸಾಧಿಸಿದ್ದಾರೆ. ರಾಜಸ್ಥಾನ, ಕಲ್ಪಾಕಂ, ನರೋರಾ, ಕಾಕ್ರಪಾರ್ ಸ್ಥಾವರಗಳಲ್ಲಿ ಈ ಕೆಲಸ ನಡೆದಿದೆ.

ಅದೇ ಕಾಕ್ರಪಾರದ ಮೊದಲನೇ ಘಟಕದಲ್ಲಿ, ಹೊಸ ಕೊಳವೆಗಳನ್ನು ಕೂರಿಸಿದ ಐದು ವರ್ಷಗಳಲ್ಲಿಯೇ, 2016ರ ಮಾರ್ಚ್ 11ರಂದು ಒಂದು ಕೊಳವೆ ಸೋರಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ಘಟಕ ಮತ್ತೆ ಚಾಲನೆಗೊಂಡದ್ದು 2019ರಲ್ಲಿ. ಸಾಮರ್ಥ್ಯ ಎಷ್ಟೇ ಇದ್ದರೂ ಬದಲಿ ಭಾಗ ಹೊಸ ಪ್ರಶ್ನೆಯೊಂದನ್ನು ತನ್ನೊಡನೆ ತರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಕೂಡಂಕುಳಂ ಸ್ಥಾವರದ ಉದಾಹರಣೆ ಇನ್ನೊಂದು ಬಗೆಯದು. ರಷ್ಯದ ನೆರವಿನಿಂದ ಕಟ್ಟಿದ ಅದರ ಮೊದಲ ಘಟಕ ಇನ್ನೇನು ಚಾಲೂ ಆಗಬೇಕೆನ್ನುವಾಗ, 2013ರ ಏಪ್ರಿಲ್‌ನಲ್ಲಿ, ಪರೀಕ್ಷೆಯ ವೇಳೆ ನಾಲ್ಕು ಕವಾಟಗಳ ಕಾರ್ಯದಲ್ಲಿ ಕೊರತೆ ಕಂಡುಬಂದಿದೆಯೆಂದು ನಿಯಂತ್ರಣ ಮಂಡಳಿ ಪ್ರಕಟಿಸಿತು. ಅವುಗಳ ಭಾಗಗಳನ್ನು ಬದಲಿಸಿ, ಮರುಪರೀಕ್ಷೆ ಮಾಡಿಸಿ, ಆಮೇಲೆ ಮುಂದುವರಿಯಲಾಯಿತು. ವಿರೋಧಿಗಳು ಇದನ್ನು ಸ್ಥಾವರದ ಕಳಪೆತನಕ್ಕೆ ಸಾಕ್ಷಿಯೆಂದರು. ಆದರೆ ಪರೀಕ್ಷೆ ದೋಷವನ್ನು ಹಿಡಿದದ್ದೂ ಅದನ್ನು ಬಹಿರಂಗಪಡಿಸಿದ್ದೂ ವ್ಯವಸ್ಥೆಯ ಗೆಲುವು. ಇಂಥ ಸುದ್ದಿ ಬಂದಾಗ ನಾಗರಿಕರು ಗಾಬರಿಯಾಗಬೇಕಿಲ್ಲ. ಇಂಥ ಸುದ್ದಿ ಎಂದೂ ಬಾರದಿದ್ದರೆ ಅನುಮಾನಿಸಬೇಕು.

ಈಗ ಈ ಎಲ್ಲ ಮಾತು ಆಡಬೇಕಾದ ಕಾರಣವಿದೆ. 2010ರ ಅಣು ಹಾನಿ ಹೊಣೆಗಾರಿಕೆ ಕಾಯ್ದೆಯ 17(ಬಿ) ಕಲಮು ಜಗತ್ತಿನಲ್ಲಿಯೇ ಅಪರೂಪದ್ದಾಗಿತ್ತು. ಬಹಿರಂಗ ಅಥವಾ ಗುಪ್ತ ದೋಷವಿದ್ದ ಸಲಕರಣೆಯಿಂದ ಅಪಘಾತವಾದರೆ, ಪರಿಹಾರ ಕೊಟ್ಟ ಸ್ಥಾವರದ ಒಡೆಯ ಸರಬರಾಜುದಾರನಿಂದ ಅದನ್ನು ವಸೂಲಿ ಮಾಡಬಹುದೆಂದು ಅದು ಹೇಳುತ್ತಿತ್ತು. ಭೋಪಾಲದ ಗಾಯ ಹೊತ್ತ ದೇಶ ಹಾಗೆ ಬಯಸಿದ್ದು ಸಹಜ. ಆದರೆ ಈ ಕಲಮಿನಿಂದಾಗಿ ವಿದೇಶಿ ಕಂಪನಿಗಳು ಹಿಂಜರಿದವು. ಬಿಡಿಭಾಗ ತಯಾರಿಸುವ ನಮ್ಮದೇ ಉದ್ಯಮಿಗಳೂ ಆತಂಕ ವ್ಯಕ್ತಪಡಿಸಿದರು. ಕೆಲವು ಲಕ್ಷ ರೂಪಾಯಿಯ ಕವಾಟ ಮಾರಿದವನು ನೂರಾರು ಕೋಟಿಯ ಹೊಣೆಯನ್ನು ಹೊರುವುದಾದರೂ ಹೇಗೆ ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ‘ಶಾಂತಿ’ ಕಾಯ್ದೆ ಆ ಕಲಮನ್ನು ಕೈಬಿಟ್ಟಿದೆ. ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ, ಅಥವಾ ಹಾನಿ ಮಾಡುವ ಉದ್ದೇಶದಿಂದಲೇ ಕೃತ್ಯ ನಡೆದಿದ್ದರೆ ಮಾತ್ರ ವಸೂಲಿಗೆ ದಾರಿ. ಖಾಸಗಿ ಕಂಪನಿಗಳಿಗೂ ಅಣು ವಿದ್ಯುತ್ ಕ್ಷೇತ್ರದ ಬಾಗಿಲು ತೆರೆದಿದೆ. 2047ರ ಹೊತ್ತಿಗೆ 100 ಗಿಗಾವಾಟ್ ಸಾಮರ್ಥ್ಯದ ಗುರಿ ಮುಂದಿದೆ. ಅಂದರೆ ಹೊಸ ಸ್ಥಾವರಗಳು, ಹೊಸ ಒಡೆಯರು, ಇನ್ನೂ ಅನುಭವವಿಲ್ಲದ ನೂರಾರು ಹೊಸ ಸರಬರಾಜುದಾರರು. ಲಕ್ಷಾಂತರ ಹೊಸ ಪ್ರಮಾಣಪತ್ರಗಳು.

ಸರಬರಾಜುದಾರನ ತಲೆಯ ಮೇಲಿನ ಕತ್ತಿಯನ್ನು ಇಳಿಸಿದ ಮೇಲೆ, ಅದರ ಕೆಲಸವನ್ನು ಇನ್ನಾರಾದರೂ ಮಾಡಲೇಬೇಕು. ಆ ಹೊಣೆ ನಿಯಂತ್ರಣ ಮಂಡಳಿಯದು. 1983ರಲ್ಲಿ ಸ್ಥಾಪನೆಯಾದ ಈ ಮಂಡಳಿ ದಶಕಗಳ ಕಾಲ ಸರ್ಕಾರಿ ಆದೇಶವೊಂದರ ಬಲದ ಮೇಲೆಯೇ ನಡೆಯಿತು. ಅದಕ್ಕೆ ತಕ್ಕ ಕಾನೂನಿನ ಸ್ವಾಯತ್ತತೆಯಿಲ್ಲವೆಂದು ಮಹಾಲೇಖಪಾಲರು 2012ರಲ್ಲಿ ಟೀಕಿಸಿದ್ದರು. ಸ್ವತಂತ್ರ ಪ್ರಾಧಿಕಾರ ರಚಿಸುವ 2011ರ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಹೊಸ ಕಾಯ್ದೆ ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿರುವುದು ಸ್ವಾಗತಾರ್ಹ. ಆದರೆ ಸ್ಥಾನ ಬೇರೆ, ಧೈರ್ಯ ಬೇರೆ. ಬೆರಳಚ್ಚು ಮುದ್ರೆಯ ಹಿಂದಿನ ಪರೀಕ್ಷೆ ನಿಜಕ್ಕೂ ನಡೆಯಿತೇ ಎಂದು ತಯಾರಕನ ಅಂಗಳಕ್ಕೇ ಹೋಗಿ ಕೇಳುವಷ್ಟು ಸಿಬ್ಬಂದಿಯೂ ಸ್ವಂತ ಪ್ರಯೋಗಾಲಯದ ಬೆಂಬಲವೂ ಅದಕ್ಕೆ ಬೇಕು.

ಮಾಡಬೇಕಾದ್ದು ಅಸಾಧ್ಯವೇನಲ್ಲ. ಸುರಕ್ಷತೆಗೆ ಸಂಬಂಧಿಸಿದ ಭಾಗಗಳಲ್ಲಿ ಕೆಲವನ್ನು ಮುನ್ಸೂಚನೆಯಿಲ್ಲದೆ ಆಯ್ದು, ತಯಾರಕನಿಗೆ ಸಂಬಂಧಪಡದ ಪ್ರಯೋಗಾಲಯದಲ್ಲಿ ಮರುಪರೀಕ್ಷಿಸಬೇಕು. ತಿರಸ್ಕೃತವಾದ ಭಾಗಗಳ ವಿವರ ವರ್ಷಕ್ಕೊಮ್ಮೆ ಪ್ರಕಟವಾಗಬೇಕು. ಅದರಿಂದ ದೇಶದ ಭದ್ರತೆಗೆ ಧಕ್ಕೆಯಿಲ್ಲ. ದೋಷಪೂರಿತ ಪೂರೈಕೆಯ ಹೊಣೆಯನ್ನು ಒಪ್ಪಂದದಲ್ಲಿಯೇ ಬರೆಯುವುದನ್ನು, ಕಾಯ್ದೆ ಕಡ್ಡಾಯ ಮಾಡದಿದ್ದರೂ, ಸ್ಥಾವರದ ಒಡೆಯರು ರೂಢಿ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿಬಿಟ್ಟವರ ರಕ್ಷಣೆ. ಕೊರಿಯಾದ ಕೇಬಲ್ ಹಗರಣವನ್ನು ಬಯಲಿಗೆಳೆದದ್ದು ಯಾವ ಉಪಕರಣವೂ ಅಲ್ಲ, ಒಬ್ಬ ಮನುಷ್ಯನ ಮನಸ್ಸಾಕ್ಷಿ. ನಮ್ಮಲ್ಲಿ ಅಂಥವರನ್ನು ಕಾಯಲೆಂದು 2014ರಲ್ಲಿ ಅಂಗೀಕಾರವಾದ ಕಾಯ್ದೆ ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ.

ನಮ್ಮ ಕಾಳಿ ನದಿಯ ದಂಡೆಯ ಕೈಗಾಕ್ಕೂ ಈ ಮಾತು ಸಲ್ಲುತ್ತದೆ. 2018ರ ಡಿಸೆಂಬರ್ 31ರಂದು ಅದರ ಮೊದಲ ಘಟಕ 962 ದಿನಗಳ ನಿರಂತರ ಚಾಲನೆಯನ್ನು ಪೂರೈಸಿ, ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಮುರಿಯಿತು. ಅದರ ಹಿಂದೆ ನೂರಾರು ತಂತ್ರಜ್ಞರ ಶ್ರದ್ಧೆಯಿದೆ. ಅದೇ ಕೈಗಾದಲ್ಲಿ, 1994ರ ಮೇ ತಿಂಗಳಲ್ಲಿ, ನಿರ್ಮಾಣ ಹಂತದ ರಿಯಾಕ್ಟರ್ ಕಟ್ಟಡದ ಗುಮ್ಮಟದಿಂದ ಕಾಂಕ್ರೀಟು ಕಳಚಿಬಿದ್ದಿತ್ತು ಎಂಬುದನ್ನೂ ಮರೆಯಬಾರದು. ಈಗ ಅಲ್ಲಿನ ಮೊದಲೆರಡು ಘಟಕಗಳು 25 ವರ್ಷ ಪೂರೈಸಿವೆ. ಕೊಳವೆಗಳನ್ನು ಬದಲಿಸುವ ವಯಸ್ಸು ಅವಕ್ಕೂ ಬಂದಿದೆ. ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು ಬರಲಿವೆ.

ಅಣು ವಿದ್ಯುತ್ ಬೇಕೋ ಬೇಡವೋ ಎಂಬ ವಾದ ನಮ್ಮಲ್ಲಿ ಬಹುಕಾಲದಿಂದ ನಡೆದಿದೆ, ಇನ್ನೂ ನಡೆಯಲಿ. ಬೇಕೆನ್ನುವವರೂ ಬೇಡವೆನ್ನುವವರೂ ಒಪ್ಪಬಹುದಾದ ಒಂದು ಮಾತುಂಟು: ಇರುವ ಸ್ಥಾವರಗಳೊಳಗೆ ಹೋಗುವ ಪ್ರತಿಯೊಂದು ಕೊಳವೆ, ಕವಾಟ, ಕೇಬಲ್ಲಿನ ಕಾಗದ ನಿಜವಾಗಿರಬೇಕು. ಅದನ್ನು ಓದುವವರಿಗೆ ಬೇಡವೆನ್ನುವ ಅಧಿಕಾರವಿರಬೇಕು. ನರೋರಾದ ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಕೆಲವರ ಎದೆಗಾರಿಕೆ. ಅಂಥ ಎದೆಗಾರಿಕೆಯನ್ನು ಮತ್ತೆ ಪರೀಕ್ಷೆಗೊಡ್ಡುವ ಪ್ರಸಂಗ ತಂದುಕೊಳ್ಳದಿರುವುದೇ ಜಾಣತನ.